ಬಿವಿಎ ಮುಗಿಯುತ್ತಿದೆ: ದಾವಣಗೆರೆಯಲ್ಲೇ ಇದ್ದು ಚಿತ್ರ ಬರೆದು ಬದುಕಬಹುದಾ?

ಖಾಲಿ_ಕ್ಯಾನ್ವಾಸ್
ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಪೇಂಟಿಂಗ್ ವಿಭಾಗ. ಇನ್ನೇನು ಕೋರ್ಸ್ ಮುಗಿಯುತ್ತದೆ, ಮನೆಯಲ್ಲಿ ದಿನಾ ಅದೇ ಮಾತು. ಅಪ್ಪ "ಯಾವುದಾದರೂ ಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗು, ತಿಂಗಳ ಸಂಬಳ ಬರುತ್ತದೆ" ಅನ್ನುತ್ತಾರೆ. ಸೀನಿಯರ್‌ಗಳು "ಬೆಂಗಳೂರಿಗೆ ಬಾ, ಗೇಮ್ ಕಂಪನಿಗೆ ಸೇರಿಸುತ್ತೇವೆ" ಅನ್ನುತ್ತಾರೆ. ನನಗೆ ಎರಡೂ ಬೇಡ. ಈಗ ಮಂಡಕ್ಕಿ ಹುರಿಯುವ ಭಟ್ಟಿಗಳ ಮೇಲೆ ಒಂದು ಚಿತ್ರ ಸರಣಿ ಬರೆಯುತ್ತಿದ್ದೇನೆ. ಹೊಗೆ, ಬೂದಿ, ಬೆಂಕಿ ಮುಂದೆ ಕೂತ ಹೆಂಗಸರು. ದೊಡ್ಡ ಕ್ಯಾನ್ವಾಸ್‌ಗಳು. ಭಟ್ಟಿ ಇರುವುದು ಇಲ್ಲಿ. ಬಿಟ್ಟು ಹೋಗಲು ಮನಸ್ಸಿಲ್ಲ.

ಕೇಳಬೇಕಾಗಿರುವುದು ಇಷ್ಟು. ಹೆಸರು ಮಾಡಲು ಬೆಂಗಳೂರು ಸೇರಲೇಬೇಕಾ? ನಮ್ಮ ಕಡೆ ಇದ್ದುಕೊಂಡು ಚಿತ್ರದಿಂದಲೇ ಮನೆ ನಡೆಸುವವರು ಇಲ್ಲಿ ಯಾರಾದರೂ ಇದ್ದೀರಾ? ಬೆಲೆ ಹೇಗೆ ಹೇಳುತ್ತೀರಿ? ಮೊನ್ನೆ ಒಬ್ಬರು ನನ್ನ ಚಿತ್ರ ನೋಡಿ "ಎಷ್ಟು?" ಅಂದರು. ನನಗೆ ಬಾಯೇ ಬರಲಿಲ್ಲ. ಅವರು ಹೊರಟೇ ಹೋದರು.

ಮಂಡಕ್ಕಿ_ಮಿರ್ಚಿ
ಬದುಕಬಹುದು. ಊಟದ ಆಸೆ ಇಟ್ಟುಕೊಳ್ಳಬಾರದು ಅಷ್ಟೇ.

ಡ್ರಾಯಿಂಗ್_ಮೇಷ್ಟ್ರು
ಮಿರ್ಚಿ, ಮಕ್ಕಳು ಏನಾದರೂ ಕೇಳಿದಾಗ ಮೊದಲು ಬಂದು ಹೆದರಿಸಬೇಡಪ್ಪ.

ನೋಡಮ್ಮ, ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟ್ರಾಗಿ ನಿವೃತ್ತನಾದವನು. ನಿಮ್ಮಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಸಂಬಳ ಇದ್ದರೆ ಕುಂಚ ಕೆಡುತ್ತದೆ ಅನ್ನುವುದು ಸುಮ್ನೆ ಮಾತು. ಕೆ.ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕೆಲವು ವರ್ಷ ಪಾಠ ಮಾಡಿದರು. 1989ರಲ್ಲಿ ಪದ್ಮಭೂಷಣ ಬಂತು. ಪಾಠ ಮಾಡಿದ್ದರಿಂದ ಅವರ ರೇಖೆ ಸಣಕಲಾಯಿತಾ? ನಮ್ಮ ಕಡೆಯವರನ್ನೇ ನೋಡು. ಪಿ.ಆರ್. ತಿಪ್ಪೇಸ್ವಾಮಿಯವರು ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ನಿಸರ್ಗದ ಚಿತ್ರ ಬರೆದರು, ಜೊತೆಗೆ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟುವುದಕ್ಕೆ ಊರೂರು ಅಲೆದರು. ಒಂದು ಕೈಯಲ್ಲಿ ಕೆಲಸ, ಒಂದು ಕೈಯಲ್ಲಿ ಕುಂಚ.

ಆದರೆ ಒಂದು ಮಾತು. ಸರ್ಕಾರಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಈಗ ಕೇಳಿದಾಗ ಸಿಗುವಂಥದ್ದಲ್ಲ. ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಜೊತೆ ಕ್ರಾಫ್ಟು, ಸ್ಟೇಜ್ ಅಲಂಕಾರ, ನೋಟಿಸ್ ಬೋರ್ಡು ಎಲ್ಲವೂ ನಿನ್ನ ತಲೆಗೇ ಬರುತ್ತವೆ. ಸೇರುವ ಮುಂಚೆ ಎಷ್ಟು ಪಿರಿಯಡ್ ಅಂತ ಬರೆಸಿಕೊ.

ಬೆಂಗಳೂರು_ಸೇರಿದವ
ಮೇಷ್ಟ್ರ ಕಾಲ ಬೇರೆ. ನಾನೂ ಅದೇ ಕಾಲೇಜಿನವನು, ಪಾಸಾದ ವರ್ಷವೇ ಹೊರಟೆ. ತಂಗಿ, ನೇರವಾಗಿ ಹೇಳುತ್ತೇನೆ. ಅಲ್ಲಿ ನಿನ್ನ ಚಿತ್ರ ಯಾರು ನೋಡುತ್ತಾರೆ? ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಬರುವವರು ನಿನ್ನ ಕ್ಲಾಸ್‌ಮೇಟ್‌ಗಳ ಅಪ್ಪ ಅಮ್ಮ. ಇಲ್ಲಿ ಅರಮನೆ ರಸ್ತೆಯಲ್ಲಿ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಇದೆ. ಕಸ್ತೂರ ಬಾ ರಸ್ತೆಯಲ್ಲಿ 2023ರಿಂದ ಮ್ಯಾಪ್ ಅನ್ನುವ ಕಲಾ ಮ್ಯೂಸಿಯಂ ಇದೆ. ಚಿತ್ರಕಲಾ ಪರಿಷತ್ತಿನಲ್ಲಿ ಯಾವಾಗ ಹೋದರೂ ಏನಾದರೂ ಪ್ರದರ್ಶನ ಇರುತ್ತದೆ. ಶಾಂತಿ ರಸ್ತೆಯ ಸ್ಟುಡಿಯೋದಲ್ಲಿ ಸಂಜೆ ಕೂತರೆ ಕ್ಯುರೇಟರ್ (ಪ್ರದರ್ಶನ ಆಯೋಜಿಸುವವರು), ಬರಹಗಾರ, ಬೇರೆ ದೇಶದ ಕಲಾವಿದ ಎಲ್ಲರೂ ಸಿಗುತ್ತಾರೆ. ಕಲಾವಿದನ ದಾರಿ ತೆರೆಯುವುದು ಅರ್ಧಕ್ಕರ್ಧ ಇಂಥ ಪರಿಚಯದಿಂದ.

ಕೋಟೆ_ಕಲ್ಲು
ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಪೂರ್ತಿ ಪೇಂಟಿಂಗಿನಿಂದಲೇ ಮನೆ ನಡೆಸುತ್ತೇನೆ, ಹಾಗಾಗಿ ನನಗೂ ಸ್ವಲ್ಪ ಮಾತಾಡುವ ಹಕ್ಕಿದೆ.

ಬೆಂಗಳೂರಣ್ಣ, ಕಲಾವಿದ ಎನ್.ಎಸ್. ಹರ್ಷ ಯಾವ ಊರಲ್ಲಿದ್ದಾರೆ? ಮೈಸೂರು. 2008ರಲ್ಲಿ ಬ್ರಿಟನ್ನಿನ ಆರ್ಟೆಸ್ ಮುಂಡಿ ಕಲಾ ಪ್ರಶಸ್ತಿ, 40 ಸಾವಿರ ಪೌಂಡ್. 2017ರಲ್ಲಿ ಟೋಕಿಯೊದ ಮೋರಿ ಮ್ಯೂಸಿಯಂನಲ್ಲಿ ಅವರೊಬ್ಬರದೇ ದೊಡ್ಡ ಪ್ರದರ್ಶನ. ಸಾಲಾಗಿ ಕೂತ ನೂರಾರು ಜನ, ಒಬ್ಬೊಬ್ಬರ ಮುಖ ಒಂದೊಂದು ಥರ. ಅಂಥ ಚಿತ್ರ ಮೈಸೂರಲ್ಲಿ ಕೂತು ಬರೆದರೆ ಟೋಕಿಯೊದವರು ನೋಡುತ್ತಾರೆ. ಮಂಡಕ್ಕಿ ಭಟ್ಟಿಯನ್ನು ನೋಡುವುದಿಲ್ಲ ಅಂತ ಯಾರು ಹೇಳಿದರು?

ಬೆಂಗಳೂರು_ಸೇರಿದವ
ಅರ್ಧ ಕಥೆ ಹೇಳಿದಿರಿ. ಮೈಸೂರಿನ ಕಾವಾ ಕಲಾ ಕಾಲೇಜು ಮುಗಿಸಿ ಅವರು ಬರೋಡಾಕ್ಕೆ ಹೋದರು, 1995ರಲ್ಲಿ ಅಲ್ಲಿ ಕಲೆಯಲ್ಲಿ ಸ್ನಾತಕೋತ್ತರ ಪದವಿ ಮಾಡಿದರು. ಆಮೇಲೆ ವಾಪಸ್ ಬಂದದ್ದು. ಕಲಾವಿದೆ ಶೀಲಾ ಗೌಡ ಹುಟ್ಟಿದ್ದು ಭದ್ರಾವತಿಯಲ್ಲಿ, ನಿಮ್ಮಿಂದ ಎಷ್ಟು ದೂರ? ಆದರೆ ಕಲಿತದ್ದು ಬೆಂಗಳೂರಿನ ಕೆನ್ ಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್. 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ, 2009ರಲ್ಲಿ ವೆನಿಸ್ ಬಿಯೆನಾಲೆ, ಎರಡೂ ಜಗತ್ತಿನ ದೊಡ್ಡ ಕಲಾ ಪ್ರದರ್ಶನಗಳು. ಊರಲ್ಲೇ ಕೂತವರಿಗೆ ಇದೆಲ್ಲ ಆಗುವುದಿಲ್ಲ ಸ್ವಾಮಿ.

ಕೋಟೆ_ಕಲ್ಲು
ಅದೇ ಶೀಲಾ ಗೌಡ ಸಗಣಿಯಲ್ಲಿ ಕಲಾಕೃತಿ ಮಾಡಿದರು, ಅದನ್ನು ಲಂಡನ್ನಿನಿಂದ ತರಿಸಿದರಾ? ಹೋಗಬೇಡ ಅಂತ ನಾನು ಹೇಳಲೇ ಇಲ್ಲ. ಓದುವುದಕ್ಕೆ ಹೋಗಲಿ. ಬಾಡಿಗೆ ಕಟ್ಟುವುದಕ್ಕೆ ಹೋಗುವುದು ಯಾಕೆ ಅಂತ ನನ್ನ ಪ್ರಶ್ನೆ. ನಿಮ್ಮ ಒಂದು ರೂಮಿನ ಬಾಡಿಗೆಗೆ ನಮ್ಮ ದುರ್ಗದಲ್ಲಿ ಮಹಡಿ ಪೂರ್ತಿ ಸಿಗುತ್ತದೆ. ಆರು ಅಡಿ ಕ್ಯಾನ್ವಾಸ್ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವಷ್ಟು ಜಾಗ ನಿಮ್ಮ ಸ್ಟುಡಿಯೋದಲ್ಲಿ ಇದೆಯಾ? ನಿಜ ಹೇಳಿ.

ಬೆಂಗಳೂರು_ಸೇರಿದವ
ಸ್ಟುಡಿಯೋ ಅಂತ ಯಾರು ಹೇಳಿದರು. ಬಾಲ್ಕನಿ.

ಮಂಡಕ್ಕಿ_ಮಿರ್ಚಿ
ಆಹಾ.

ಖಾಲಿ_ಕ್ಯಾನ್ವಾಸ್
ಹಾಗಾದರೆ ಎಂವಿಎ (ಸ್ನಾತಕೋತ್ತರ) ಮಾಡುವುದು ಒಳ್ಳೆಯದಾ? ಬರೋಡಾಕ್ಕೆ ನಮ್ಮಂಥವರಿಗೆ ಸೀಟು ಸಿಗುತ್ತದಾ? ಇಂಗ್ಲಿಷ್ ಅಷ್ಟಕ್ಕಷ್ಟೇ.

ಡ್ರಾಯಿಂಗ್_ಮೇಷ್ಟ್ರು
ಸಿಗುತ್ತದೆ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಶಾಂತಿನಿಕೇತನ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ. ಮೂರಕ್ಕೂ ಅರ್ಜಿ ಹಾಕು. ಇಂಗ್ಲಿಷಿಗಿಂತ ನಿನ್ನ ಕೆಲಸ ಮುಖ್ಯ. ಅರ್ಜಿ ಜೊತೆ ಕೊಡುವ ಚಿತ್ರಗಳಲ್ಲಿ ಕಾಲೇಜಿನ ಅಸೈನ್‌ಮೆಂಟ್ ತುಂಬಬೇಡ. ಹಣ್ಣಿನ ಬುಟ್ಟಿ, ಪ್ಲಾಸ್ಟರ್ ತಲೆ ಎಲ್ಲರ ಹತ್ತಿರವೂ ಇರುತ್ತದೆ. ಭಟ್ಟಿ ಚಿತ್ರಗಳನ್ನೇ ಕಳಿಸು, ಜೊತೆಗೆ ಸ್ಕೆಚ್ ಪುಸ್ತಕವನ್ನೂ ಕೊಡು.

ಇನ್ನೊಂದು. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. 18ರಿಂದ 25 ವಯಸ್ಸು, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಸಂಗೀತ, ನೃತ್ಯದವರು ಮುಗಿಬೀಳುತ್ತಾರೆ. ಚಿತ್ರದವರಿಗೂ ಇದೆ ಅಂತ ನಮ್ಮ ಹುಡುಗರಿಗೆ ಗೊತ್ತೇ ಇರುವುದಿಲ್ಲ. ಅಧಿಸೂಚನೆ ಬಂದಾಗ ಷರತ್ತುಗಳನ್ನು ಸರಿಯಾಗಿ ಓದಿ ಹಾಕು.

ಫ್ರೇಮ್_ಅಂಗಡಿ
ಬರೋಡಾ, ಟೋಕಿಯೊ ಎಲ್ಲ ಆಯಿತು. ಫ್ರೇಮ್ ಹಾಕುವವನ ಮಾತು ಸ್ವಲ್ಪ ಕೇಳಿ. ದಾವಣಗೆರೆ ಗೋಡೆಗಳ ಮೇಲೆ ಏನಿರುತ್ತದೆ ಅಂತ ನನಗೆ ಗೊತ್ತಿರುವಷ್ಟು ಯಾವ ಕ್ಯುರೇಟರಿಗೂ ಗೊತ್ತಿಲ್ಲ.

ಮೊದಲನೆಯದು ಏಳು ಕುದುರೆ. ಎರಡನೆಯದು ಬುದ್ಧ. ಮೂರನೆಯದು ರಾಧಾಕೃಷ್ಣ. ಗೃಹಪ್ರವೇಶದ ಸೀಸನ್ನಿನಲ್ಲಿ ಕುದುರೆ ಬಿಟ್ಟು ಬೇರೆ ಮಾತೇ ಇಲ್ಲ. ಎಲ್ಲವೂ ಆನ್‌ಲೈನಿನಲ್ಲಿ ತರಿಸಿದ ಕ್ಯಾನ್ವಾಸ್ ಪ್ರಿಂಟು. ಒಬ್ಬರು ಫ್ರೇಮ್ ಹಾಕಿಸಿಕೊಂಡು ಹೋಗಿ ಮರುದಿನ ವಾಪಸ್ ತಂದರು. ಕುದುರೆಗಳು ಬಾಗಿಲ ಕಡೆ ಓಡುತ್ತಿವೆಯಂತೆ, ದುಡ್ಡು ಹೊರಗೆ ಹೋಗುತ್ತದಂತೆ, ತಿರುಗಿಸಿ ಕೊಡಿ ಅಂದರು. ಪ್ರಿಂಟನ್ನು ಎಲ್ಲಿ ತಿರುಗಿಸಲಿ?

ಆಗ ಒಬ್ಬ ಹುಡುಗನ ಹತ್ತಿರ ಕೈಯಲ್ಲಿ ಬರೆಸಿ ಕೊಟ್ಟೆ, ಮನೆ ಒಳಗೆ ಓಡಿ ಬರುವ ಕುದುರೆ. ಪ್ರಿಂಟಿಗೆ ಕೊಟ್ಟಿದ್ದರ ಹಲವು ಪಟ್ಟು ಕೊಟ್ಟು ಖುಷಿಯಾಗಿ ಒಯ್ದರು. ಈಗ ಆ ಹುಡುಗನಿಗೆ ಪುರುಸೊತ್ತಿಲ್ಲ.

ಕೋಟೆ_ಕಲ್ಲು
ಇದೇ ನನಗೆ ಸಿಟ್ಟು ಬರಿಸುವುದು. ಐದು ವರ್ಷ ಕುದುರೆ ಬರೆದರೆ ಆಮೇಲೆ ಮನುಷ್ಯರ ಮುಖ ಬರೆಯಲು ಕೈ ಬರುವುದಿಲ್ಲ.

ಫ್ರೇಮ್_ಅಂಗಡಿ
ನೀವು ಕೋಟೆ ಬರೆಯುವುದಿಲ್ಲವಾ ಸಾರ್? ಒನಕೆ ಓಬವ್ವನ ಕಿಂಡಿ ಎಷ್ಟು ಸಲ ಬರೆದಿದ್ದೀರಿ?

ಕೋಟೆ_ಕಲ್ಲು
ಬರೆಯುತ್ತೇನೆ. ಮುಚ್ಚಿಡುವುದೇನಿದೆ. ವಾರದಲ್ಲಿ ಮೂರು ದಿನ ಮಾರುವ ಚಿತ್ರ: ಕೋಟೆಯ ಜಲವರ್ಣ, ಚಂದ್ರವಳ್ಳಿ ಕೆರೆ, ಆರ್ಡರ್ ಬಂದ ಪೋರ್ಟ್ರೇಟ್. ಉಳಿದ ದಿನ ಬಾಗಿಲು ಹಾಕಿಕೊಂಡು ನನ್ನ ಕೆಲಸ. ಆ ಚಿತ್ರಗಳನ್ನು ಆರ್ಡರಿನವರಿಗೆ ತೋರಿಸುವುದೂ ಇಲ್ಲ, ಒಂದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಹಾಕುವುದೂ ಇಲ್ಲ. ಮಾರುವ ಚಿತ್ರದಲ್ಲಿ ದುಡ್ಡು ಬರಬೇಕು, ನನ್ನ ಚಿತ್ರದಲ್ಲಿ ಸಮಯ ಹೋಗಬೇಕು. ಎರಡನ್ನೂ ಕಲಸಿದಾಗಲೇ ಹಾಳಾಗುವುದು.

ಬೋರ್ಡ್_ಬರೆಯೋನು
ನಿಮ್ಮ ಜಗಳ ಓದಿ ನಗು ಬಂತು. ನಮ್ಮ ಕಾಲದಲ್ಲಿ ಅಂಗಡಿ ಬೋರ್ಡು, ಲಾರಿ ಹಿಂದಿನ ಚಿತ್ರ, ಸಿನಿಮಾ ಬ್ಯಾನರು ಬರೆದೇ ಮನೆ ಕಟ್ಟಿದವರು ಇದ್ದರು. ಎಂ.ಎಫ್. ಹುಸೇನ್ ಕೂಡ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದವರೇ ಅಲ್ವಾ. ಫ್ಲೆಕ್ಸ್ ಬಂತು, ನಮ್ಮ ಕಥೆ ಮುಗಿಯಿತು. ನಾನೀಗ ಸ್ಕೂಲ್ ಗೋಡೆ, ಅಂಗನವಾಡಿ ಗೋಡೆ ಬರೆಯುತ್ತೇನೆ. ಚದರ ಅಡಿ ಲೆಕ್ಕ. ಸುಣ್ಣ ಬಳಿದು ಪ್ರೈಮರ್ ಹೊಡೆಯದೆ ಬರೆದರೆ ಒಂದೇ ಮಳೆಗೆ ಎದ್ದು ಬರುತ್ತದೆ, ಬೈಗುಳ ನಮಗೆ. ಕೊಟೇಶನ್ ಕೊಡುವಾಗ ಗೋಡೆ ತಯಾರಿ ಬೇರೆ, ಚಿತ್ರ ಬೇರೆ ಅಂತ ಬರೆಯಬೇಕು. ಏಣಿ ಬಾಡಿಗೆಯನ್ನೂ ಸೇರಿಸಬೇಕು.

ಮಂಡಕ್ಕಿ_ಮಿರ್ಚಿ
ಹುಸೇನ್ ಚಿತ್ರ ಈಚೆಗೆ 118 ಕೋಟಿಗೆ ಹೋಯಿತಂತಲ್ಲ. ಒಂದೇ ಒಂದು ಬರೆದು ಕೂತರೆ ಸಾಕು.

ಆಡಿಟರ್_ಅಕ್ಕ
ಹೋದದ್ದು 2025ರ ಮಾರ್ಚಿನಲ್ಲಿ, ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ. ಹುಸೇನ್ ತೀರಿಕೊಂಡದ್ದು 2011ರಲ್ಲಿ. ಚಿತ್ರದ ಹೆಸರು ಗ್ರಾಮ ಯಾತ್ರಾ, ಬರೆದದ್ದು 1954ರಲ್ಲಿ. ಆಗ ದೆಹಲಿಯಲ್ಲಿದ್ದ ನಾರ್ವೆಯ ಡಾಕ್ಟರೊಬ್ಬರು ಕೊಂಡುಕೊಂಡು ಹೋಗಿ ಆಮೇಲೆ ಓಸ್ಲೋದ ಆಸ್ಪತ್ರೆಗೆ ಕೊಟ್ಟರು. ಅಷ್ಟು ವರ್ಷ ಆಸ್ಪತ್ರೆಯಲ್ಲೇ ಇತ್ತು. ಮಾರಿದ ದುಡ್ಡು ಹೋದದ್ದು ಆ ಆಸ್ಪತ್ರೆಗೆ. ಕಲಾವಿದನಿಗೆ ಬಂದದ್ದು 1954ರ ಬೆಲೆ ಅಷ್ಟೇ. ಹರಾಜಿನ ಸುದ್ದಿ ಓದಿ ಯಾರೂ ತಮ್ಮ ಭವಿಷ್ಯದ ಲೆಕ್ಕ ಹಾಕಬೇಡಿ.

ಬಿಳಿ_ಕೋಟು
ನಾನು ಇಲ್ಲಿ ಸುಮ್ನೆ ಓದುವವನು. ಡಾಕ್ಟರ್ ಕಥೆ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪಿ.ಜೆ. ಬಡಾವಣೆಯಲ್ಲಿ ಕ್ಲಿನಿಕ್ ಇದೆ. ಎರಡು ಮೆಡಿಕಲ್ ಕಾಲೇಜು ಇರುವ ಊರು ಇದು. ಡಾಕ್ಟರುಗಳ ಮನೆ ಎಷ್ಟಿವೆ ಅಂತ ನಿಮಗೇ ಗೊತ್ತು. ಎಲ್ಲರ ವೇಟಿಂಗ್ ರೂಮಿನಲ್ಲೂ ಔಷಧಿ ಕಂಪನಿಯ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ನನ್ನದರಲ್ಲೂ ಅದೇ.

ಕೊಳ್ಳುವವನಾಗಿ ನನ್ನ ಕಷ್ಟ ಹೇಳುತ್ತೇನೆ. ಒಂದು, ಊರಿನ ಕಲಾವಿದರ ಚಿತ್ರ ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲ. ಎರಡು, ಪ್ರದರ್ಶನಕ್ಕೆ ಹೋದರೆ ಚಿತ್ರದ ಕೆಳಗೆ ಬೆಲೆ ಇರುವುದಿಲ್ಲ. ಕೇಳಿದರೆ ಕಲಾವಿದರು ನೆಲ ನೋಡುತ್ತಾರೆ. ನನಗೂ ಮುಜುಗರ, ಅವರಿಗೂ ಮುಜುಗರ. ಮೂರು, ಹಿಂದೆ ಒಂದು ಚಿತ್ರ ಕೊಂಡಿದ್ದೆ. ಬಿಸಿಲು ಬೀಳುವ ಗೋಡೆಗೆ ಹಾಕಿದೆ. ಕೆಂಪು ಬಣ್ಣವೆಲ್ಲ ಎರಡು ಬೇಸಿಗೆಯಲ್ಲಿ ಹಾರಿಹೋಯಿತು. ಆಮೇಲೆ ಕೊಳ್ಳುವ ಧೈರ್ಯ ಬರಲಿಲ್ಲ.

ಫ್ರೇಮ್_ಅಂಗಡಿ
ಡಾಕ್ಟ್ರೇ, ನಮ್ಮ ಊರಿನ ಬಿಸಿಲಿಗೆ ಎದುರು ಗೋಡೆ ಯಾವತ್ತೂ ಬೇಡ. ಪೇಪರಿನ ಮೇಲಿನ ಜಲವರ್ಣ ಆದರೆ ಗಾಜು, ಮೌಂಟ್ (ಚಿತ್ರದ ಸುತ್ತ ಹಾಕುವ ದಪ್ಪ ರಟ್ಟು) ಎರಡೂ ಇರಲೇಬೇಕು. ಚಿತ್ರ ಗಾಜಿಗೆ ತಾಗಬಾರದು.

ಕೋಟೆ_ಕಲ್ಲು
ಗೋಡೆಯದಷ್ಟೇ ತಪ್ಪಲ್ಲ, ಟ್ಯೂಬಿನದೂ ಹೌದು. ಅಲಿಝರಿನ್ ಕ್ರಿಮ್ಸನ್ ಅನ್ನುವ ಹಳೆ ಕೆಂಪು ಬಿಸಿಲಿಗೆ ನಿಲ್ಲುವುದಿಲ್ಲ. ಸ್ಟೂಡೆಂಟ್ ದರ್ಜೆಯ ಟ್ಯೂಬುಗಳಲ್ಲಿ ಬಣ್ಣದ ಪುಡಿ ಕಮ್ಮಿ, ತುಂಬಿಸುವ ಪದಾರ್ಥ ಜಾಸ್ತಿ. ಟ್ಯೂಬಿನ ಮೇಲೆ ಬಿಸಿಲು ತಡೆಯುವ ಗುರುತು ಇರುತ್ತದೆ, ನಕ್ಷತ್ರವೋ ರೋಮನ್ ಅಂಕಿಯೋ. ಕಾಲೇಜಿನಲ್ಲಿ ಅಭ್ಯಾಸಕ್ಕೆ ಏನಾದರೂ ಬಳಸಿ. ದುಡ್ಡು ತೆಗೆದುಕೊಂಡು ಕೊಡುವ ಚಿತ್ರಕ್ಕೆ ಕಲಾವಿದರ ದರ್ಜೆಯದೇ ಆಗಬೇಕು. ತೈಲವರ್ಣ ಆದರೆ ಮುಟ್ಟಿ ನೋಡಿ ಒಣಗಿದೆ ಅಂತ ವಾರ್ನಿಷ್ ಹೊಡೆಯಬಾರದು. ದಪ್ಪ ಬಣ್ಣ ಒಳಗೆ ಒಣಗಲು ಆರು ತಿಂಗಳಿಂದ ವರ್ಷ ಬೇಕು.

ಈಗ ತಂಗಿಯ ಬೆಲೆ ಪ್ರಶ್ನೆಗೆ ಬರುತ್ತೇನೆ. ಯಾರೂ ಉತ್ತರ ಕೊಡಲೇ ಇಲ್ಲ, ಎಲ್ಲರೂ ಕುದುರೆ ಹತ್ತಿ ಹೋದಿರಿ.

ಹೊಸಬರಿಗೆ ಸುಲಭದ ದಾರಿ ಚದರ ಇಂಚಿನ ಲೆಕ್ಕ. 24x30 ಇಂಚಿನ ಕ್ಯಾನ್ವಾಸ್ ಅಂದರೆ 720 ಚದರ ಇಂಚು. ಇಂಚಿಗೆ 15 ರೂಪಾಯಿ ಇಟ್ಟುಕೊಂಡರೆ 10,800. ಫ್ರೇಮ್ ಬೇರೆ. 15 ಅಂತ ಉದಾಹರಣೆಗೆ ಹೇಳಿದೆ, ನಿನ್ನ ಬಟ್ಟೆ, ಬಣ್ಣ, ದಿನದ ಕೂಲಿ ಕೂಡಿ ನೋಡಿ ನಿನ್ನದೇ ಅಂಕಿ ಇಟ್ಟುಕೊ. ಆದರೆ ಇದೇ ಲೆಕ್ಕ ಕಣ್ಣು ಮುಚ್ಚಿ ಹಾಕಬೇಡ. 12x12ಕ್ಕೆ ಬರೀ 2,160 ಆಗುತ್ತದೆ, ನಷ್ಟ. 48x60ಕ್ಕೆ 43,200 ಆಗುತ್ತದೆ, ಹೊಸಬರಿಗೆ ಅಷ್ಟು ಯಾರೂ ಕೊಡುವುದಿಲ್ಲ. ಅದಕ್ಕೆ ಸಣ್ಣದಕ್ಕೆ ಇಂಚಿನ ದರ ಜಾಸ್ತಿ, ದೊಡ್ಡದಕ್ಕೆ ಕಮ್ಮಿ.

ಗ್ಯಾಲರಿಯವರು ಸಾಮಾನ್ಯವಾಗಿ 30ರಿಂದ 50 ಪರ್ಸೆಂಟ್ ಹಿಡಿಯುತ್ತಾರೆ. 40 ಹಿಡಿದರೆ ನಿನ್ನ 10,800ರಲ್ಲಿ ಕೈಗೆ ಬರುವುದು 6,480. "ಹಾಗಾದರೆ ಮನೆಯಿಂದ ಕೊಂಡವರಿಗೆ 6,480ಕ್ಕೇ ಕೊಡುತ್ತೇನೆ" ಅಂತ ಶುರು ಮಾಡಿದರೆ ಗ್ಯಾಲರಿ ಮತ್ತೆ ನಿನ್ನ ಮುಖ ನೋಡುವುದಿಲ್ಲ. ಎಲ್ಲಿ ಕೊಂಡರೂ ಒಂದೇ ಬೆಲೆ. ಒಂದು ಹಾಳೆಯಲ್ಲಿ ಟೈಪ್ ಮಾಡಿ ಇಟ್ಟುಕೊ. ಯಾರಾದರೂ ಕೇಳಿದರೆ ಬಾಯಿ ಬರದಿದ್ದರೂ ಹಾಳೆ ಕೊಡಬಹುದು.

ಆಡಿಟರ್_ಅಕ್ಕ
ಕೋಟೆಯವರು ಸರಿಯಾಗಿ ಹೇಳಿದರು. ನನ್ನದು ಕಾಗದದ ಕಡೆ.

ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಕ್ಲಾಸ್ ಹೇಳಿಕೊಡುವುದು, ಗೋಡೆ ಬರೆಯುವುದು ಸೇವೆ, ಅಲ್ಲಿ ಮಿತಿ 20 ಲಕ್ಷ. ಹೊರರಾಜ್ಯಕ್ಕೆ ಮಾರುವಾಗ ನಿಯಮ ಬೇರೆ, ಆಗ ಕೇಳಿಕೊಂಡು ಮಾಡಿ.

ಇದಕ್ಕಿಂತ ಮುಖ್ಯ ಹಕ್ಕಿನ ವಿಷಯ. ನೀನೇ ಇಷ್ಟಪಟ್ಟು ಬರೆದ ಚಿತ್ರ ಮಾರಿದರೆ ಕ್ಯಾನ್ವಾಸ್ ಅವರದು, ಕಾಪಿರೈಟ್ ನಿನ್ನದೇ. ಅವರು ಅದನ್ನು ಡೈರಿ ಮೇಲೆ, ಸೀರೆ ಮೇಲೆ ಅಚ್ಚು ಹಾಕಿಸುವ ಹಾಗಿಲ್ಲ. ಆದರೆ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರ, ಪೋರ್ಟ್ರೇಟ್ ಇತ್ಯಾದಿ, ಬೇರೆ ಒಪ್ಪಂದ ಇಲ್ಲದಿದ್ದರೆ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆಸಿದವರದ್ದಾಗುತ್ತದೆ. ಬಿಲ್ಲಿನ ಕೆಳಗೆ "ಕಾಪಿರೈಟ್ ಕಲಾವಿದರದ್ದು" ಅಂತ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಕಾಯ್ದೆಯ 53ಎ ಸೆಕ್ಷನ್ ಗೊತ್ತಾ? ಮೂಲ ಚಿತ್ರ ಮುಂದೆ 10,000ಕ್ಕಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಕೇಳುವ ಹಕ್ಕಿದೆ, ಹೆಚ್ಚೆಂದರೆ 10 ಪರ್ಸೆಂಟ್. ಯಾರೂ ಕೇಳುವುದಿಲ್ಲ. ಯಾರಿಗೆ ಮಾರಿದೆವು ಅಂತಲೇ ನಮ್ಮವರು ಬರೆದಿಟ್ಟಿರುವುದಿಲ್ಲ, ಇನ್ನು ಪಾಲು ಎಲ್ಲಿಂದ ಕೇಳಬೇಕು?

ಬೋರ್ಡ್_ಬರೆಯೋನು
ಅಕ್ಕ, ನಾನು ಬರೆದ ಬಸವಣ್ಣನ ಚಿತ್ರದ ಫೋಟೊ ತೆಗೆದು ಒಬ್ಬ ಫ್ಲೆಕ್ಸ್ ಮಾಡಿ ಹತ್ತು ಊರಿಗೆ ಹಂಚಿದ. ಕೇಳಿದರೆ "ಬಸವಣ್ಣ ಎಲ್ಲರಿಗೂ ಸೇರಿದವರು" ಅಂದ!

ಆಡಿಟರ್_ಅಕ್ಕ
ಬಸವಣ್ಣ ಎಲ್ಲರವರು, ಚಿತ್ರ ನಿಮ್ಮದು. ನೋಟಿಸ್ ಕೊಡಬಹುದಿತ್ತು.

ತೇಗದ_ಈಸಲ್
ಇಷ್ಟೆಲ್ಲ ಲೆಕ್ಕಾಚಾರ ಓದಿ ಬೇಜಾರಾಯಿತು. ಕಲೆ ಅಂದರೆ ವ್ಯಾಪಾರವಾ? ವ್ಯಾನ್ ಗೋ ಬದುಕಿದ್ದಾಗ ಒಂದೇ ಒಂದು ಚಿತ್ರ ಮಾರಿದ. ಬೆಲೆಪಟ್ಟಿ ಇಟ್ಟುಕೊಂಡಿದ್ದನಾ? ಒಳ್ಳೆಯ ಚಿತ್ರ ಬರೆದರೆ ಒಂದು ದಿನ ಜಗತ್ತೇ ಹುಡುಕಿಕೊಂಡು ಬರುತ್ತದೆ.

ಬೆಂಗಳೂರು_ಸೇರಿದವ
ಬಂತಪ್ಪ, ಈ ವ್ಯಾನ್ ಗೋ ಇಲ್ಲದೆ ಕಲೆಯ ಚರ್ಚೆ ಮುಗಿಯುವುದೇ ಇಲ್ಲ.

ಕೇಳಿ. ಅವರ ತಮ್ಮ ಥಿಯೋ ಪ್ಯಾರಿಸ್ಸಿನಲ್ಲಿ ಚಿತ್ರ ಮಾರುವ ಕೆಲಸದಲ್ಲಿದ್ದವನು. ತಿಂಗಳು ತಿಂಗಳು ಅಣ್ಣನಿಗೆ ದುಡ್ಡು, ಬಣ್ಣ ಕಳಿಸುತ್ತಿದ್ದ, ಬದಲಿಗೆ ಚಿತ್ರ ಪಡೆಯುತ್ತಿದ್ದ. ಅಂದರೆ ಸಂಬಳವೇ. 1890ರಲ್ಲಿ ಬ್ರಸೆಲ್ಸಿನ ಪ್ರದರ್ಶನದಲ್ಲಿ ಕೆಂಪು ದ್ರಾಕ್ಷಿ ತೋಟದ ಚಿತ್ರ 400 ಫ್ರಾಂಕಿಗೆ ಹೋಯಿತು, ಕೊಂಡವರು ಆನಾ ಬೋಕ್ ಅನ್ನುವ ಕಲಾವಿದೆ. ಅದೊಂದೇ ಮಾರಾಟ ಅನ್ನುವುದೂ ಸರಿಯಲ್ಲ. ಅದಕ್ಕೂ ಮೊದಲು ಅವರ ಚಿಕ್ಕಪ್ಪ ದುಡ್ಡು ಕೊಟ್ಟು ಹೇಗ್ ಊರಿನ ರೇಖಾಚಿತ್ರ ಬರೆಸಿದ್ದರು. ಅಣ್ಣ ತಮ್ಮ ಇಬ್ಬರೂ ಆರು ತಿಂಗಳ ಅಂತರದಲ್ಲಿ ತೀರಿಕೊಂಡರು. ಆಮೇಲೆ ಥಿಯೋನ ಹೆಂಡತಿ ಯೊಹಾನಾ, ಕೈಕೂಸು ಇಟ್ಟುಕೊಂಡು, ಆ ಚಿತ್ರಗಳನ್ನು ಕಾಪಾಡಿ, ಪ್ರದರ್ಶನಗಳಿಗೆ ಕಳಿಸಿ, ಅಳೆದು ತೂಗಿ ಮಾರಿ, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದಳು. ಜಗತ್ತು ತಾನಾಗಿ ಹುಡುಕಿಕೊಂಡು ಬರಲಿಲ್ಲ. ಆ ಹೆಣ್ಣುಮಗಳು ದಶಕಗಟ್ಟಲೆ ದುಡಿದಳು.

ಹರಿಹರದ_ಸೊಸೆ
ಇದು ನನಗೆ ಗೊತ್ತಿರಲಿಲ್ಲ. ನಾವು ಅಂಥ ಒಬ್ಬ ನಾದಿನಿಯನ್ನು ಎಲ್ಲಿಂದ ತರೋಣ?

ತೇಗದ_ಈಸಲ್
ಸರಿ ರೀ. ಆದರೂ ಮೊದಲು ಚಿತ್ರ ಚೆನ್ನಾಗಿರಬೇಕು. ಅದನ್ನು ಯಾರೂ ಹೇಳುತ್ತಿಲ್ಲ.

ಡ್ರಾಯಿಂಗ್_ಮೇಷ್ಟ್ರು
ಆ ಮಾತು ಒಪ್ಪಿದೆ. ದಿನಾ ಸ್ಕೆಚ್ ಮಾಡುವವರು ಈಗ ಕಮ್ಮಿ. ಸಂತೇಬೆನ್ನೂರು ಪುಷ್ಕರಣಿಗೆ ಹುಡುಗರನ್ನು ಕರೆದುಕೊಂಡು ಹೋಗುತ್ತಿದ್ದೆ. ನೀರಲ್ಲಿ ಬೀಳುವ ಮಂಟಪದ ನೆರಳು ಬೆಳಗ್ಗೆ ಒಂದು ಥರ, ಹತ್ತು ಗಂಟೆಗೆ ಇನ್ನೊಂದು ಥರ. ಈಗಿನವರು ಮೊಬೈಲಲ್ಲಿ ಫೋಟೊ ಹೊಡೆದುಕೊಂಡು ಮನೆಗೆ ಬಂದು ಬರೆಯುತ್ತಾರೆ. ಎಲ್ಲರ ಚಿತ್ರದಲ್ಲೂ ಆಕಾಶ ಒಂದೇ ಬಣ್ಣ.

ಮಂಡಕ್ಕಿ_ಮಿರ್ಚಿ
ಸಂತೇಬೆನ್ನೂರಿನಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತದೆ ಮೇಷ್ಟ್ರೇ?

ಡ್ರಾಯಿಂಗ್_ಮೇಷ್ಟ್ರು
ಬುತ್ತಿ ಕಟ್ಟಿಕೊಂಡು ಹೋಗಪ್ಪ.

ಹರಿಹರದ_ಸೊಸೆ
ಚಿತ್ರಸಂತೆ ಬಗ್ಗೆ ಯಾರೂ ಹೇಳಲಿಲ್ಲ. ನಾನು ಬಿಡುವಿನಲ್ಲಿ ಬರೆಯುವವಳು, ಮಕ್ಕಳು ಶಾಲೆಗೆ ಹೋದ ಮೇಲೆ. ಜನವರಿಯಲ್ಲಿ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಮಾಡುತ್ತಾರೆ, ಕಲಾವಿದರೇ ಬೀದಿಯಲ್ಲಿ ಕೂತು ಚಿತ್ರ ಮಾರುವ ಸಂತೆ. ದೇಶದ ಎಲ್ಲ ಕಡೆಯಿಂದ ಸುಮಾರು 1,500 ಕಲಾವಿದರು. ಮಾರಿದ್ದರಲ್ಲಿ ಮಧ್ಯದವರಿಗೆ ಪಾಲಿಲ್ಲ. ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು.

ಹೋದಾಗ ಕಲಿತದ್ದು ಹೇಳುತ್ತೇನೆ. ದೊಡ್ಡ ಕ್ಯಾನ್ವಾಸ್ ನೋಡಿ ಫೋಟೊ ತೆಗೆದುಕೊಳ್ಳುತ್ತಾರೆ, ಕೊಳ್ಳುವುದು ಕೈಯಲ್ಲಿ ಹಿಡಿದುಕೊಂಡು ಮೆಟ್ರೋ ಹತ್ತಬಹುದಾದ ಅಳತೆ. ಎಂಟು ಇಂಚು, ಹತ್ತು ಇಂಚು. ನನ್ನ ಪಕ್ಕದಲ್ಲಿ ಕೂತಿದ್ದವರು ತಮ್ಮ ದೊಡ್ಡ ಚಿತ್ರವನ್ನು ಗೋಡೆಗೆ ಒರಗಿಸಿ, ಅದರದೇ ಸಣ್ಣ ಪ್ರಿಂಟುಗಳನ್ನು ನಂಬರ್ ಹಾಕಿ, ಸಹಿ ಮಾಡಿ ಮಾರುತ್ತಿದ್ದರು. ಸಂಜೆಗೆ ಡಬ್ಬಿ ಖಾಲಿ. ಪ್ರಿಂಟ್ ಅಂದರೆ ಕೀಳು ಅಂತ ನಾನು ಅಂದುಕೊಂಡಿರಲಿಲ್ಲ, ಆದರೆ ಅಷ್ಟು ಹೋಗುತ್ತದೆ ಅಂತಲೂ ಗೊತ್ತಿರಲಿಲ್ಲ.

ತೇಗದ_ಈಸಲ್
ರಾಜಾ ರವಿವರ್ಮ 1894ರಲ್ಲೇ ಮುಂಬೈಯಲ್ಲಿ ಪ್ರೆಸ್ ಹಾಕಿಸಿ ಸರಸ್ವತಿ, ಲಕ್ಷ್ಮಿಯನ್ನು ಮನೆಮನೆಗೆ ಮುಟ್ಟಿಸಿದರು. ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರ್, ಸಿನಿಮಾ ಪೋಸ್ಟರುಗಳಿಂದಲೇ ದೇಶಕ್ಕೆಲ್ಲ ಗೊತ್ತಾದರು. ಪ್ರಿಂಟ್ ವಿಷಯದಲ್ಲಿ ನನ್ನ ತಕರಾರಿಲ್ಲ.

ಬೆಂಗಳೂರು_ಸೇರಿದವ
ಆದರೆ ರವಿವರ್ಮರಿಗೆ ಆ ಪ್ರೆಸ್ಸಿನಿಂದ ಕೊನೆಗೆ ಸಾಲವೇ ಜಾಸ್ತಿಯಾಯಿತು, ಮಾರಿಬಿಟ್ಟರು. ಅದನ್ನೂ ಹೇಳಿ.

ಕಾಟನ್_ಮಿಲ್
ಎಐ ಬಂದಿದೆ. ಇನ್ನು ಪೇಂಟರುಗಳ ಕಥೆ ಅಷ್ಟೇ.

ಫ್ರೇಮ್_ಅಂಗಡಿ
ಮೊನ್ನೆ ಒಬ್ಬರು ಎಐ ಮಾಡಿದ ಏಳು ಕುದುರೆ ಪ್ರಿಂಟ್ ತಂದರು. ಎಣಿಸಿದೆ, ತಲೆ ಏಳು, ಕಾಲು ಇಪ್ಪತ್ತೈದು. ಹಾಗೇ ಫ್ರೇಮ್ ಹಾಕಿ ಕೊಟ್ಟೆ.

ಖಾಲಿ_ಕ್ಯಾನ್ವಾಸ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ವ್ಯಾನ್ ಗೋ ತಮ್ಮನ ಕಥೆಗೆ "ನಿನ್ನ ತಮ್ಮ ಹಾಗೆ ಕಳಿಸುತ್ತಾನಾ ನೋಡು" ಅಂದರು. ತಮ್ಮ ಪಿಯುಸಿ.

ಈಗ ಹೀಗೆ ಅಂದುಕೊಂಡಿದ್ದೇನೆ. ಶನಿವಾರ, ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಮಕ್ಕಳಿಗೆ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕ್ಲಾಸ್. ಉಳಿದ ದಿನ ಭಟ್ಟಿ ಸರಣಿ. ಬರೋಡಾ, ಹೈದರಾಬಾದ್ ಎರಡಕ್ಕೂ ಅರ್ಜಿ. ಸೀಟು ಸಿಕ್ಕರೆ ಹೋಗುತ್ತೇನೆ, ಓದಿಕೊಂಡು ವಾಪಸ್ ಬರುತ್ತೇನೆ. ಕುದುರೆ ಬರೆಯುವುದಿಲ್ಲ. (ಫ್ರೇಮ್ ಅಣ್ಣ, ತೀರಾ ಕಷ್ಟ ಬಂದರೆ ಫೋನ್ ಮಾಡುತ್ತೇನೆ.)

ಕೋಟೆ_ಕಲ್ಲು
ಕ್ಲಾಸ್ ಶುರು ಮಾಡುವುದು ಸುಲಭ, ಎರಡು ದಿನಕ್ಕೆ ನಿಲ್ಲಿಸುವುದು ಕಷ್ಟ. ಪೋಷಕರು ವಾರಕ್ಕೆ ಐದು ದಿನ ಮಾಡಿ ಅನ್ನುತ್ತಾರೆ, ದುಡ್ಡೂ ಬರುತ್ತದೆ, ನಿನಗೂ ಆಸೆಯಾಗುತ್ತದೆ. ನಮ್ಮ ಬ್ಯಾಚಿನಲ್ಲಿ ಕೈ ಚೆನ್ನಾಗಿದ್ದ ಎಷ್ಟೋ ಜನ ಹಾಗೇ ಪೇಂಟಿಂಗ್ ಬಿಟ್ಟರು. ಬಡತನದಿಂದ ಅಲ್ಲ, ಕ್ಲಾಸು ಚೆನ್ನಾಗಿ ನಡೆದದ್ದರಿಂದ.

ಬೆಂಗಳೂರು_ಸೇರಿದವ
ಇದಕ್ಕೆ ಮಾತ್ರ ನಾನು ಕೋಟೆಯವರ ಪರ. ಗೇಮ್ ಕಂಪನಿಯಲ್ಲೂ ಅದೇ ಆಗುತ್ತದೆ. ನನ್ನ ಬಾಲ್ಕನಿಯಲ್ಲಿ ಈಸಲ್ ಮೇಲೆ ಈಗ ಟವೆಲ್ ಒಣಗುತ್ತಿದೆ.

ಬಿಳಿ_ಕೋಟು
ತಂಗಿ, ಭಟ್ಟಿ ಚಿತ್ರಗಳ ಫೋಟೊ ಇಲ್ಲಿ ಹಾಕಮ್ಮ, ಅಳತೆ, ಬೆಲೆ ಸಮೇತ. ನನ್ನ ವೇಟಿಂಗ್ ರೂಮಿನ ಗೋಡೆ ಎಂಟು ಅಡಿ ಇದೆ, ಬಿಸಿಲು ಬೀಳುವುದಿಲ್ಲ. ಪುಕ್ಕಟೆ ನೇತುಹಾಕಿ ನೋಡುತ್ತೇನೆ ಅಂತ ಹೇಳುತ್ತಿಲ್ಲ. ಒಂದನ್ನು ಕೊಳ್ಳುತ್ತೇನೆ, ಉಳಿದ ಎರಡನ್ನು ಬೆಲೆ ಚೀಟಿ ಹಾಕಿ ಮೂರು ತಿಂಗಳು ಇಡೋಣ. ರೋಗಿಗಳು ಮುಕ್ಕಾಲು ಗಂಟೆ ಕೂತಿರುತ್ತಾರೆ, ಯಾವ ಗ್ಯಾಲರಿಯಲ್ಲಿ ಅಷ್ಟು ಹೊತ್ತು ಚಿತ್ರ ನೋಡುತ್ತಾರೆ?

ಆಡಿಟರ್_ಅಕ್ಕ
ಇಟ್ಟ ಚಿತ್ರಗಳಿಗೆ ಒಂದು ಹಾಳೆ ಬರೆದುಕೊಳ್ಳಿ ಇಬ್ಬರೂ. ಯಾವ ಚಿತ್ರ, ಎಷ್ಟು ದಿನ, ಹಾಳಾದರೆ ಯಾರು ಹೊಣೆ, ಮಾರಿದರೆ ದುಡ್ಡು ಎಷ್ಟು ದಿನದಲ್ಲಿ. ಡಾಕ್ಟರು ಒಳ್ಳೆಯವರೇ ಇರಬಹುದು, ಹಾಳೆ ಇರಲಿ.

ಬಿಳಿ_ಕೋಟು
ಖಂಡಿತ. ನಾವೂ ಸಹಿ ಇಲ್ಲದೆ ಆಪರೇಷನ್ ಮಾಡುವುದಿಲ್ಲ.

ಖಾಲಿ_ಕ್ಯಾನ್ವಾಸ್
ಸರ್, ನಿಜವಾಗಿಯೂನಾ? ಸಂಜೆ ಫೋಟೊ ಹಾಕುತ್ತೇನೆ. ಎರಡು 36x48, ಒಂದು 30x40. ಅಕ್ರಿಲಿಕ್. ದೊಡ್ಡವು ಚೌಕಟ್ಟಿನಿಂದ ಬಿಚ್ಚಿ ಸುತ್ತಿಟ್ಟಿದ್ದೇನೆ, ಮನೆಯಲ್ಲಿ ಜಾಗ ಇಲ್ಲ.

ಫ್ರೇಮ್_ಅಂಗಡಿ
ಬಣ್ಣ ಒಳಗೆ ಮಾಡಿ ಸುತ್ತಿದ್ದೀಯಾ, ಹೊರಗೆ ಮಾಡಿಯಾ? ಒಳಗೆ ಆದರೆ ಇವತ್ತೇ ಬಿಚ್ಚು, ಬಣ್ಣ ಮಡಚಿಕೊಂಡು ಬಿರುಕು ಬಿಡುತ್ತದೆ. ಯಾವಾಗಲೂ ಬಣ್ಣದ ಕಡೆ ಹೊರಗೆ, ಮೇಲೆ ಬಟರ್ ಪೇಪರ್, ಒಳಗೆ ದಪ್ಪನೆಯ ಪಿವಿಸಿ ಪೈಪು. ಪೈಪು ದಪ್ಪ ಇದ್ದಷ್ಟೂ ಒಳ್ಳೆಯದು. ಮೂರನ್ನೂ ಅಂಗಡಿಗೆ ತಾ, ಚೌಕಟ್ಟಿಗೆ ಹೊಡೆದು ಕೊಡುತ್ತೇನೆ. ಮರದ ದುಡ್ಡು ಕೊಡು, ಕೂಲಿ ಬೇಡ. ಭಾನುವಾರ ಅಂಗಡಿ ರಜೆ.